ಪುಲಕೇಶಿಯ ಮಕ್ಕಳು ಮತ್ತು ಆ ಹದಿಮೂರು ವರ್ಷ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ದಾರಿ ಹಿಡಿಯುವ ಪ್ರವಾಸಿಗಳಿಗೆ ಮುಂದಿನ ಪಟ್ಟಿ ಸಿದ್ಧವಾಗಿರುತ್ತದೆ: ಗುಹೆಗಳು, ಅಗಸ್ತ್ಯ ತೀರ್ಥ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಈ ಊರುಗಳಲ್ಲೆಲ್ಲ ಕೇಳಿಸುವುದು ಚಾಲುಕ್ಯರು ಕಟ್ಟಿದ ಕಥೆ. ಕಟ್ಟಿದ್ದೆಲ್ಲ ಒಮ್ಮೆ ಕುಸಿದ ಮೇಲೆ ಆ ಮನೆಯ ಮಕ್ಕಳು ಏನಾದರು ಎಂಬ ಕಥೆಯನ್ನು ಹೇಳುವವರು ಕಡಿಮೆ. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ಗೆದ್ದುಕೊಂಡ. ಆಗಿನ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಆ ಯುದ್ಧದಲ್ಲೇ ಮಡಿದಿರಬೇಕೆಂದು ಇತಿಹಾಸಕಾರರ ಊಹೆ. ಅಲ್ಲಿಂದ ಸುಮಾರು 655ರವರೆಗೆ, ಹದಿಮೂರು ವರ್ಷ, ಚಾಲುಕ್ಯ ರಾಜ್ಯಕ್ಕೆ ಎಲ್ಲರೂ ಒಪ್ಪಿದ ಅರಸನೊಬ್ಬನಿದ್ದ ಹಾಗೆ ಕಾಣುವುದಿಲ್ಲ. ಪುಲಕೇಶಿಯ ಮಕ್ಕಳು ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಬೇರೆ ತಾಮ್ರಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಲೋಕ ಮುಳುಗಿದ ಮೇಲೆ ಒಡಹುಟ್ಟಿದವರು ಎದುರುಬದುರಾಗುವ ಧಾರಾವಾಹಿಗಳನ್ನು ಇಂದು ಮೊಬೈಲಿನಲ್ಲಿ ರಾತ್ರಿಯಿಡೀ ನೋಡುವ ನಮ್ಮ ಹುಡುಗರಿಗೆ, ಅದೇ ಬಗೆಯ ಕಥೆ ತಮ್ಮ ತಾಲ್ಲೂಕಿನ ಬಂಡೆಗಳ ನಡುವೆ ನಿಜವಾಗಿ ನಡೆದಿದೆ ಎಂದು ಯಾರೂ ಹೇಳಿರಲಿಕ್ಕಿಲ್ಲ.

ಆ ಧಾರಾವಾಹಿಗಳ ಹಂದರ ಹೆಚ್ಚುಕಡಿಮೆ ಒಂದೇ. ಅಮೆರಿಕದಲ್ಲಿ 2010ರಿಂದ 2022ರವರೆಗೆ ಹನ್ನೊಂದು ಸೀಸನ್ ನಡೆದ ‘ದ ವಾಕಿಂಗ್ ಡೆಡ್’ನಲ್ಲಿ ಮರ್ಲ್ ಮತ್ತು ಡ್ಯಾರಿಲ್ ಎಂಬ ಅಣ್ಣತಮ್ಮಂದಿರಿದ್ದಾರೆ. ಸತ್ತವರು ಎದ್ದು ಓಡಾಡುವ ಆ ಲೋಕದಲ್ಲಿ ಇಬ್ಬರೂ ಎರಡು ವೈರಿ ಗುಂಪುಗಳ ಪಾಲಾಗುತ್ತಾರೆ. ಮೂರನೆಯ ಸೀಸನ್ನಿನಲ್ಲಿ ‘ಗವರ್ನರ್’ ಎಂಬ ನಾಯಕ ಇಬ್ಬರನ್ನೂ ಜನರ ನಡುವೆ ನಿಲ್ಲಿಸಿ, ಒಬ್ಬ ಸಾಯುವವರೆಗೆ ಬಡಿದಾಡಿ ಎಂದು ಅಪ್ಪಣೆ ಮಾಡುತ್ತಾನೆ. 2023ರ ‘ದ ಲಾಸ್ಟ್ ಆಫ್ ಅಸ್’ನಲ್ಲಿ ಹೆನ್ರಿ ಎಂಬ ಯುವಕ ಕಾಯಿಲೆಯ ತಮ್ಮನಿಗೆ ಔಷಧ ಸಿಗಲೆಂದು ಒಬ್ಬ ಹೋರಾಟಗಾರನ ಗುಟ್ಟನ್ನು ಸರ್ಕಾರಕ್ಕೆ ತಿಳಿಸುತ್ತಾನೆ, ಆ ಹೋರಾಟಗಾರ ಸಾಯುತ್ತಾನೆ, ಅವನ ಸೋದರಿ ಸೇಡಿಗಾಗಿ ಊರನ್ನೇ ಜಾಲಾಡಿಸುತ್ತಾಳೆ. ಇಂಥ ಕಥೆಗಳಿಂದ ನೋಡುಗನ ಮನಸ್ಸಿನಲ್ಲಿ ಉಳಿಯುವ ತೀರ್ಮಾನ ಇಷ್ಟು: ಮಹಾವಿನಾಶ ಬಂದರೆ ಕರುಳಬಳ್ಳಿಯೂ ಕಡಿದುಹೋಗುತ್ತದೆ. ಬಾದಾಮಿ ಸೀಮೆಯ ಶಾಸನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೆಯದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಬಿರುಕು ಸುಖದ ದಿನಗಳಲ್ಲೇ ಬಿದ್ದಿತ್ತು. ಅದನ್ನು ಮುಚ್ಚಿಟ್ಟಿದ್ದ ಬಂದೋಬಸ್ತನ್ನು ವಿನಾಶ ಕಿತ್ತುಹಾಕಿತು, ಅಷ್ಟೇ. ಆಮೇಲೆ ಉಳಿದವರನ್ನು ಒಂದು ಮಟ್ಟಕ್ಕಾದರೂ ಕೂಡಿಸಿದ್ದು ಪಾಲು. ಯಾರಿಗೆ ಯಾವ ನೆಲ, ಯಾವ ಬಿರುದು, ಯಾವ ಹಕ್ಕು ಎಂದು ಎದುರಾಎದುರು ಕೂತು ಮಾಡಿಕೊಂಡಂಥ ವಾಟ್ನಿ.

ಮೊದಲ ಸಾಕ್ಷಿ ಬಾದಾಮಿಯ ಮೂರನೆಯ ಗುಹೆಯಲ್ಲೇ ಇದೆ. ಶಕವರ್ಷ 500ರ, ಅಂದರೆ 578ರ, ಕಾರ್ತಿಕ ಹುಣ್ಣಿಮೆಯ ದಿನದ ಸಂಸ್ಕೃತ ಶಾಸನ ಅದು. ಆಗ ಆಳುತ್ತಿದ್ದವನು ಒಂದನೆಯ ಕೀರ್ತಿವರ್ಮ, ಗುಹೆ ಮಾಡಿಸಿದವನು ಅವನ ತಮ್ಮ ಮಂಗಳೇಶ. ವಿಷ್ಣುವಿಗೆ ಇಂಥ ಗುಡಿ ಕೊರೆಸಿ, ಲಂಜಿಗೇಸರ ಎಂಬ ಊರನ್ನು ಉಂಬಳಿ ಬಿಟ್ಟು, ಸೂರ್ಯ, ಅಗ್ನಿ ಮತ್ತು ನೆರೆದ ಜನರ ಎದುರು ಅವನು ಹೇಳಿಸಿದ ಮಾತಿನ ಸಾರವಿದು: ಈ ಪುಣ್ಯದ ಫಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವೊಂದು ತನಗಿರಲಿ. ಅದೇ ಗುಹೆಯಲ್ಲಿ ಅವನದೇ ಒಂದು ಚಿಕ್ಕ ಕನ್ನಡ ಶಾಸನವೂ ಇದೆ. ಗುಹೆಯನ್ನು ಅದು ಮಂಗಳೇಶನ ಕಲ್ಮನೆ ಎಂದು ಕರೆಯುತ್ತದೆ, ದೇವರಿಗೆ ಹೂ ಕಟ್ಟುವವರಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಹೂವಾಡಿಗರ ಹೊಟ್ಟೆಪಾಡಿನ ತನಕ ಯೋಚಿಸಿದ ಈ ಮನುಷ್ಯನ ಅಣ್ಣನ ಮೇಲಿನ ಭಕ್ತಿಯನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅಣ್ಣ ಬದುಕಿರುವ ತನಕ ಅದು ನಿಜವೇ ಆಗಿದ್ದಿರಬೇಕು. ಅಣ್ಣ ತೀರಿಕೊಂಡಾಗ ಅವನ ಮಕ್ಕಳು ಇನ್ನೂ ಚಿಕ್ಕವರು. ಮಂಗಳೇಶ ಗದ್ದುಗೆ ಏರಿದ. ಹಲವು ವರ್ಷ ಚೆನ್ನಾಗಿಯೇ ಆಳಿದ. ಕಳಚುರಿ ಬುದ್ಧರಾಜನನ್ನು ಸೋಲಿಸಿ ಮಹಾಕೂಟದಲ್ಲಿ ಧರ್ಮಜಯಸ್ತಂಭ ನಿಲ್ಲಿಸಿದ. ಅಣ್ಣನ ಮಗ ಪುಲಕೇಶಿ ದೊಡ್ಡವನಾದ ಮೇಲೆ ಗದ್ದುಗೆ ಬಿಟ್ಟುಕೊಡುವ ಬದಲು ತನ್ನ ಮಗನಿಗೇ ಅದನ್ನು ಉಳಿಸಲು ಹೊರಟ.

ಆ ಜಗಳದ ಕೊನೆಯನ್ನು ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯ ಗೋಡೆ ಹೇಳುತ್ತದೆ. 634–35ರಲ್ಲಿ ಕವಿ ರವಿಕೀರ್ತಿ ಬರೆದ ಆ ಶಾಸನದ ಪ್ರಕಾರ, ತನ್ನ ಮಗನಿಗೆ ರಾಜ್ಯ ಕೊಡಿಸುವ ಯತ್ನ, ರಾಜ್ಯ ಮತ್ತು ಪ್ರಾಣ ಈ ಮೂರನ್ನೂ ಮಂಗಳೇಶ ಒಟ್ಟಿಗೇ ಕಳೆದುಕೊಂಡ. ಕೂಡಲೇ ನಾಡಿನ ತುಂಬ ವೈರಿಗಳ ಕತ್ತಲೆ ಕವಿಯಿತು ಎಂದೂ, ಭೀಮಾ ನದಿಯ ಕಡೆಯಿಂದ ಅಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಆನೆಗಳ ದಂಡು ಕಟ್ಟಿಕೊಂಡು ಬಂದರು ಎಂದೂ ರವಿಕೀರ್ತಿ ಹೇಳುತ್ತಾನೆ. ಹೊರಗಿನಿಂದ ಬಂದ ಯಾವ ಪ್ರಳಯವೂ ಈ ಜಗಳಕ್ಕೆ ಕಾರಣವಾಗಿರಲಿಲ್ಲ. ಖಜಾನೆ ತುಂಬಿತ್ತು, ಗೆಲುವುಗಳಿದ್ದವು, ಗುಡಿಗಳು ಏಳುತ್ತಿದ್ದವು. ಇಲ್ಲದಿದ್ದದ್ದು ಒಂದೇ: ಚಿಕ್ಕಪ್ಪ ನೋಡಿಕೊಂಡ ರಾಜ್ಯ ಯಾವಾಗ, ಹೇಗೆ ಅಣ್ಣನ ಮಗನಿಗೆ ಮರಳಬೇಕೆಂಬ ಒಪ್ಪಿತ ನಿಯಮ. ದುರಂತ ಜಗಳವನ್ನು ತರಲಿಲ್ಲ. ಜಗಳವೇ ದುರಂತದ ಬಾಗಿಲು ತೆರೆಯಿತು. ಇದನ್ನು ಮೈಮೇಲೆ ಅನುಭವಿಸಿದ್ದ ಪುಲಕೇಶಿ ತನ್ನ ತಮ್ಮನ ವಿಷಯದಲ್ಲಿ ಬೇರೆ ದಾರಿ ಹಿಡಿದ. ಯುವರಾಜನಾಗಿದ್ದ ಕುಬ್ಜ ವಿಷ್ಣುವರ್ಧನನಿಗೆ ಮೊದಲು ಸಾತಾರಾ ಕಡೆಯ ಅಧಿಕಾರ ಸಿಕ್ಕಿತು, ಆಮೇಲೆ ಪೂರ್ವ ಕರಾವಳಿಯ ವೆಂಗಿ ಸಿಕ್ಕಿತು. ಅಲ್ಲಿ ಬೇರೂರಿದ ಪೂರ್ವ ಚಾಲುಕ್ಯರ ಮನೆತನ ಹನ್ನೊಂದನೆಯ ಶತಮಾನದವರೆಗೆ ಬಾಳಿತು. ಬಾದಾಮಿಯ ಗದ್ದುಗೆ ತನಗೇ ಬೇಕೆಂದು ವಿಷ್ಣುವರ್ಧನ ಅಣ್ಣನ ಮೇಲೆ ಕತ್ತಿ ಎತ್ತಿದ ಕುರುಹು ಎಲ್ಲೂ ಸಿಕ್ಕಿಲ್ಲ.

ಇನ್ನು ಪ್ರಳಯದ ವರ್ಷ. 641ರ ಸುಮಾರಿಗೆ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್, ಇಲ್ಲಿನ ಜನ ಮಾನಧನರು, ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದಿಟ್ಟ. ಹರ್ಷನಂಥ ಹರ್ಷನನ್ನೇ ತಡೆದ ಅರಸನ ನಾಡು ಅದು. ಒಂದೇ ವರ್ಷದಲ್ಲಿ ರಾಜಧಾನಿ ಶತ್ರುವಿನ ಕೈಯಲ್ಲಿತ್ತು. ಕೆರೆಯ ದಂಡೆಯ ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯ ಮೇಲೆ ನರಸಿಂಹವರ್ಮನ ಕಾಲದ ಶಾಸನವೊಂದು ಸವೆದು ಅರ್ಧಂಬರ್ಧ ಉಳಿದಿದೆ. ‘ವಾತಾಪಿಕೊಂಡ’ ಎಂಬ ಅವನ ಬಿರುದು ತಮಿಳುನಾಡಿನಲ್ಲಿ ಇವತ್ತಿಗೂ ಹೆಮ್ಮೆಯ ಮಾತು. ಇದನ್ನು ಪ್ರಳಯ ಎನ್ನುವುದು ಅತಿಯಾಯಿತು ಎಂದು ಒಬ್ಬರು ಹೇಳಬಹುದು. ಗುಹೆಗಳು ನಿಂತಿವೆ, ಮೇಗುತಿ ನಿಂತಿದೆ, ಊರು ಬೂದಿಯಾಗಿದ್ದರೆ ಇವೆಲ್ಲ ಹೇಗೆ ಉಳಿದವು? ಕಲ್ಲು ಉಳಿಯಿತು, ನಿಜ. ವ್ಯವಸ್ಥೆ ಉಳಿಯಲಿಲ್ಲ. ಮುಂದೆ ಗದ್ದುಗೆಗೆ ಬಂದ ಪುಲಕೇಶಿಯ ಮಗ ವಿಕ್ರಮಾದಿತ್ಯನ ಶಾಸನಗಳು ಅವನ ಸಾಧನೆಯಾಗಿ ಹೇಳುವ ಮಾತೊಂದನ್ನು ಗಮನಿಸಬೇಕು. ಮೂವರು ಅರಸರ ಕಾರಣದಿಂದ ಮರೆಯಾಗಿದ್ದ ತಂದೆಯ ರಾಜ್ಯಲಕ್ಷ್ಮಿಯನ್ನು ಅವನು ಮರಳಿ ಪಡೆದ. ನಿಂತುಹೋಗಿದ್ದ ದೇವರ ಮತ್ತು ಬ್ರಾಹ್ಮಣರ ದತ್ತಿಗಳನ್ನು ಮತ್ತೆ ಊರ್ಜಿತಗೊಳಿಸಿದ. ದತ್ತಿ ನಿಂತಿತು ಎಂದರೆ ಗುಡಿಯ ದೀಪ ಆರಿತು, ಹೂವಾಡಿಗನ ಪಾಲು ಹೋಯಿತು, ಬರೆದುಕೊಟ್ಟ ಹಕ್ಕುಪತ್ರಕ್ಕೆ ಬೆಲೆ ಇಲ್ಲವಾಯಿತು ಎಂದೇ ಅರ್ಥ. ಬದುಕಿದವರ ಪಾಲಿಗೆ ಅದಕ್ಕಿಂತ ದೊಡ್ಡ ಪ್ರಳಯ ಬೇಕಿರಲಿಲ್ಲ.

ಈ ಹದಿಮೂರು ವರ್ಷಗಳ ಆಸುಪಾಸಿನಲ್ಲಿ ಮಕ್ಕಳು ಎಲ್ಲಿದ್ದರು? ಆದಿತ್ಯವರ್ಮನ ತಾಮ್ರಶಾಸನ ಸಿಕ್ಕಿದ್ದು ಕರ್ನೂಲು ಕಡೆ. ಅದು ಅವನ ಆಳ್ವಿಕೆಯ ಮೊದಲ ವರ್ಷದ್ದು. ಮಹಾರಾಜಾಧಿರಾಜ, ಪರಮೇಶ್ವರ ಎಂಬ ಪೂರ್ಣ ಸಾಮ್ರಾಟನ ಬಿರುದುಗಳು ಅದರಲ್ಲಿವೆ. ಅವನ ಮಗ ಅಭಿನವಾದಿತ್ಯನದೂ ಒಂದು ಶಾಸನ ದೊರೆತಿದೆ, ಅಂದರೆ ಆ ಕವಲು ಒಂದು ತಲೆಮಾರಿಗಾದರೂ ತಾನೇ ಅರಸು ಎಂದುಕೊಂಡಿತ್ತು. ಚಂದ್ರಾದಿತ್ಯ ಕಾಣಿಸುವುದು ಕೊಂಕಣದಲ್ಲಿ. ಅದೂ ಅವನದೇ ಶಾಸನದಲ್ಲಲ್ಲ. ಇಂದಿನ ಸಿಂಧುದುರ್ಗ ಜಿಲ್ಲೆಯ ನೆರೂರು ಮತ್ತು ಕೊಚರೆಯಲ್ಲಿ ಸಿಕ್ಕ, ಅವನ ಹೆಂಡತಿ ವಿಜಯಭಟ್ಟಾರಿಕೆ ಹೊರಡಿಸಿದ ಎರಡು ತಾಮ್ರಶಾಸನಗಳಲ್ಲಿ. ಕೊನೆಗೆ ಗೆದ್ದವನು ವಿಕ್ರಮಾದಿತ್ಯ, ಚಂದ್ರಾದಿತ್ಯನಿಗಿಂತ ಚಿಕ್ಕವನು. ಚಿತ್ರಕಂಠ ಎಂಬ ಒಂದೇ ಕುದುರೆ ಮತ್ತು ಕೈಯ ಕತ್ತಿ ಇವನ ನೆರವಿಗಿದ್ದವು ಎಂದು ಅವನ ಶಾಸನಗಳು ಕೊಂಡಾಡುತ್ತವೆ. ಅವನಿಗಿಂತ ಚಿಕ್ಕವನು ಜಯಸಿಂಹ. ಮುಂದೆ ವಿಕ್ರಮಾದಿತ್ಯನ ಮಗ ವಿನಯಾದಿತ್ಯನಿಂದ ಹಿಡಿದು ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನವರೆಗಿನ ಶಾಸನಗಳಲ್ಲಿ ವಂಶಾವಳಿ ಪುಲಕೇಶಿಯಿಂದ ನೇರವಾಗಿ ಅವನ ಪ್ರಿಯತನಯ ವಿಕ್ರಮಾದಿತ್ಯನಿಗೆ ಹಾಯುತ್ತದೆ. ಅಣ್ಣಂದಿರ ಹೆಸರೇ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಯುದ್ಧ ಮಾಡಿದರು ಎಂದು ಯಾವ ಶಾಸನವೂ ಹೇಳುವುದಿಲ್ಲ. ಆದಿತ್ಯವರ್ಮ ಹಿರಿಯನಾಗಿ ನ್ಯಾಯವಾಗಿಯೇ ಪಟ್ಟಕ್ಕೆ ಬಂದು ಬೇಗ ತೀರಿಕೊಂಡಿರಬಹುದು. ವಂಶಾವಳಿ ಬರೆಯುವವರು ಆಳುವವನ ನೇರ ಗೆರೆಯನ್ನಷ್ಟೇ ಹೇಳುವುದು ವಾಡಿಕೆಯೂ ಹೌದು. ಈ ಆಕ್ಷೇಪದ ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಕತ್ತಿಗೆ ಕತ್ತಿ ತಾಗಿದ ದೃಶ್ಯ ಬೇಕೆನ್ನುವವರಿಗೆ ಇಲ್ಲಿ ಸಾಕ್ಷ್ಯವಿಲ್ಲ, ಅದನ್ನು ಕಲ್ಪಿಸಿ ಇತಿಹಾಸ ಎನ್ನುವುದು ತಪ್ಪು. ಆದರೆ ಒಡಕು ಎಂದರೆ ಕಾಳಗವೊಂದೇ ಅಲ್ಲವಲ್ಲ. ಒಂದೇ ತಂದೆಯ ಮಕ್ಕಳಲ್ಲಿ ಇಬ್ಬರು ಸಾಮ್ರಾಟನ ಬಿರುದನ್ನು ಹೊತ್ತದ್ದು, ಹಿರಿಯರಿದ್ದೂ ಕಿರಿಯವನು ಗದ್ದುಗೆಗೆ ಬಂದದ್ದು, ಗೆದ್ದವನ ಮನೆಯ ದಾಖಲೆಗಳಲ್ಲಿ ಮಿಕ್ಕವರು ಅಳಿಸಿಹೋದದ್ದು, ಇವು ಮೂರೂ ಒಟ್ಟಿಗೆ ಬಂದಾಗ ಎಲ್ಲವೂ ಸುಸೂತ್ರವಾಗಿತ್ತು ಎನ್ನಲು ಹೆಚ್ಚಿನ ನಂಬಿಕೆ ಬೇಕಾಗುತ್ತದೆ. ವಾಡಿಕೆಯ ಮಾತಿಗೂ ಉತ್ತರವಿದೆ. ಮಂಗಳೇಶ ನೇರ ಗೆರೆಯವನಲ್ಲ, ಸೋತವನು ಬೇರೆ. ಆದರೂ ರವಿಕೀರ್ತಿ ಅವನ ಶೌರ್ಯವನ್ನು ಹೊಗಳಿ, ಅವನ ತಪ್ಪನ್ನು ಹೇಳಿ, ಹೆಸರನ್ನು ಉಳಿಸಿದ. 634ರಲ್ಲಿ ಗೆದ್ದ ಮನೆಗೆ ಸೋತ ಬಂಧುವಿನ ಹೆಸರು ಹೇಳುವ ಧೈರ್ಯವಿತ್ತು. ಪ್ರಳಯವಾದ ಮೇಲೆ ಆ ಧೈರ್ಯ ಉಳಿಯಲಿಲ್ಲ. ವಿನಾಶ ನಿಜವಾಗಿ ಕಸಿದುಕೊಂಡದ್ದು ಇದನ್ನೇ ಎಂದು ನನಗನಿಸುತ್ತದೆ.

ಒಡಕಿನ ಜೊತೆಜೊತೆಗೇ ಇನ್ನೊಂದು ಕೆಲಸ ನಡೆದಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. 659ರ ನೆರೂರು ಶಾಸನವನ್ನು ಹತ್ತಿರದಿಂದ ನೋಡಿ. ದಾನ ಕೊಡುವವಳು ವಿಜಯಭಟ್ಟಾರಿಕೆ. ವಂಶ ಹೇಳುವಾಗ ಅವಳು ಮೊದಲು ಶತ್ರುಗಳನ್ನು ಗೆದ್ದ ಮೈದುನ ವಿಕ್ರಮಾದಿತ್ಯನನ್ನು ಹೆಸರಿಸುತ್ತಾಳೆ. ಆಮೇಲೆ, ಅವನ ಹಿರಿಯಣ್ಣ ಎಂದೇ ಹೇಳಿ, ಪೃಥಿವೀವಲ್ಲಭ ಮಹಾರಾಜ ಎಂಬ ಬಿರುದಿನೊಂದಿಗೆ ಗಂಡ ಚಂದ್ರಾದಿತ್ಯನನ್ನು. ಆಮೇಲೆ ತನ್ನನ್ನು. ಗಂಡ ಆಗ ಬದುಕಿದ್ದನೇ, ಶಾಸನದ ವರ್ಷ ಅವಳ ಆಳ್ವಿಕೆಯದೇ ಅಥವಾ ಮೈದುನನದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಸಾಲುಗಳ ಕ್ರಮದಲ್ಲೇ ಒಂದು ಒಪ್ಪಂದ ಕಾಣುತ್ತದೆ: ಗೆಲುವು ತಮ್ಮನದು, ಹಿರಿತನ ಅಣ್ಣನದು, ಕೊಂಕಣದ ಈ ನೆಲ ನಮ್ಮದು. ಜಯಸಿಂಹನ ವಿಷಯ ಇನ್ನೂ ಸ್ಪಷ್ಟ. ವಿಕ್ರಮಾದಿತ್ಯ ಅವನಿಗೆ ದಕ್ಷಿಣ ಗುಜರಾತನ್ನು ಕೊಟ್ಟ. 671ರ ನವಸಾರಿ ಶಾಸನದಲ್ಲಿ ಜಯಸಿಂಹನ ಮಗ, ತಂದೆಯ ಏಳಿಗೆಗೆ ಕಾರಣ ತಂದೆಯ ಅಣ್ಣ ವಿಕ್ರಮಾದಿತ್ಯ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆ ಪಾಲು ಸುಮಾರು ಎಪ್ಪತ್ತು ವರ್ಷಗಳ ಮೇಲೆ ಫಲ ಕೊಟ್ಟಿತು. ಸಿಂಧ್ ಕಡೆಯಿಂದ ನುಗ್ಗಿಬಂದ ಅರಬರ ದಂಡನ್ನು ನವಸಾರಿಯ ಬಳಿ ಸೋಲಿಸಿದವನು ಜಯಸಿಂಹನದೇ ಇನ್ನೊಬ್ಬ ಮಗ ಅವನಿಜನಾಶ್ರಯ ಪುಲಕೇಶಿ. 738–39ರ ಅವನ ಶಾಸನ ಅದನ್ನು ಹೇಳುತ್ತದೆ. ಬಾದಾಮಿಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಅವನಿಗೆ ಬಿರುದುಗಳನ್ನಿತ್ತು ಗೌರವಿಸಿದ. ತಮ್ಮನಿಗೆ ಕೊಟ್ಟ ನೆಲ ಅಣ್ಣನ ಮರಿಮೊಮ್ಮಗನ ಕಾಲಕ್ಕೆ ಗಡಿಯ ಕೋಟೆಯಾಗಿ ನಿಂತಿತು.

ಪಾಲು ಕೊಟ್ಟರೆ ಮನೆ ಸಣ್ಣದಾಗುತ್ತದೆ, ವೆಂಗಿ ಬೇರೆಯಾಗದೆ ಇದ್ದಿದ್ದರೆ 642ರಲ್ಲಿ ಬಾದಾಮಿ ಬೀಳುತ್ತಿರಲಿಲ್ಲ ಎಂಬ ವಾದವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಅಣ್ಣನ ಸಂಕಟದಲ್ಲಿ ವೆಂಗಿಯ ದಂಡು ಓಡಿಬಂತು ಎನ್ನಲು ಆಧಾರವಿಲ್ಲ; ಆ ಮನೆ ಬೇಗನೆ ತನ್ನ ಪಾಡಿಗೆ ತಾನು ಸ್ವತಂತ್ರವಾಯಿತು. ಪಾಲಿಗೆ ತೆರಬೇಕಾದ ಬೆಲೆ ಅದು. ಆದರೆ ತೂಕದ ಇನ್ನೊಂದು ತಟ್ಟೆಯಲ್ಲಿ ಮಂಗಳೇಶನಿದ್ದಾನೆ. ಒಂದೇ ಗದ್ದುಗೆಯನ್ನು ಇಬ್ಬರು ಬಯಸಿದಾಗ ಒಬ್ಬನ ಹೆಣ ಬಿತ್ತು. ದೂರವಾದ ತಮ್ಮ, ಕೊಂದುಕೊಂಡ ಬಂಧು, ಈ ಎರಡರಲ್ಲಿ ಯಾವ ನಷ್ಟ ದೊಡ್ಡದು ಎಂದು ಪುಲಕೇಶಿಗೂ ಅವನ ಮಗನಿಗೂ ಗೊತ್ತಿತ್ತು. ಮೂರನೆಯ ದಾರಿಯೂ ಅವರ ಕಣ್ಣೆದುರೇ ಇತ್ತು. ಐಹೊಳೆಯ ಜೈನ ಗುಹೆಯಲ್ಲಿ, ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ನಿಂತಿದ್ದಾನೆ, ಕೈಕಾಲಿಗೆ ಬಳ್ಳಿ ಸುತ್ತಿಕೊಂಡಿದೆ. ಐಹೊಳೆಯಲ್ಲಿ ಅವನ ಎರಡೂ ಬದಿಗೆ ಇರುವ ಹೆಂಗಸರನ್ನು ಸೋದರಿಯರಾದ ಬ್ರಾಹ್ಮಿ, ಸುಂದರಿ ಎಂದು ಹಲವರು ಗುರುತಿಸುತ್ತಾರೆ. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟು ನಡೆದವನು ಅವನು. ಆ ಎತ್ತರ ಎಲ್ಲರಿಗೂ ಎಟಕುವುದಿಲ್ಲ. ರಾಜ್ಯ ನಡೆಸಬೇಕಾದವರು, ಹೆಂಡಿರು ಮಕ್ಕಳು ಇರುವವರು ಹಿಡಿಯಬಹುದಾದ ದಾರಿ ಪಾಲಿನದೇ.

ಅರಸು ಮಕ್ಕಳ ಕಥೆಯಿಂದ ಸಾಮಾನ್ಯರಿಗೆ ಏನು ಬಂತು ಎಂದು ಕೇಳುವವರು ಈ ಜಿಲ್ಲೆಯನ್ನೇ ನೋಡಲಿ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ಜನ ನವನಗರಕ್ಕೆ ಬಂದರು. 2009ರಲ್ಲಿ ನೆರೆ ಬಂತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ನೆಲ ಮುಳುಗಿದಾಗ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೆ ಬರುತ್ತದೆ. ಬಾಯಿಮಾತಿನಲ್ಲಿ ಅಣ್ಣನ ಹೆಸರಿಗೆ ಬಿಟ್ಟ ಹೊಲ, ಕೂಡಿ ಉಳುತ್ತಿದ್ದ ತನಕ, ಯಾರಿಗೂ ತೊಂದರೆ ಮಾಡಿರುವುದಿಲ್ಲ. ಹೊಲ ಹೋಗಿ ಅದು ಚೆಕ್ಕಾದ ದಿನ ತಮ್ಮ ಕೋರ್ಟಿಗೆ ಹೋಗುತ್ತಾನೆ. ನೀರು ಅವರನ್ನು ಒಡೆಯಿತು ಎನ್ನುವುದು ಸುಲಭ. ಒಡೆದದ್ದು ಬರೆಯದೆ ಬಿಟ್ಟ ವಾಟ್ನಿ. ಅಕ್ಕತಂಗಿಯರಂತೂ ಆ ಲೆಕ್ಕದಲ್ಲೇ ಇರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದ ತಿದ್ದುಪಡಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಕಾನೂನು ಬಂದು ತೌರಿನ ಪ್ರೀತಿ ಕೆಡಿಸಿತು ಎಂಬ ಮಾತು ಇಂದಿಗೂ ಕೇಳುತ್ತದೆ. ಪಾಲು ಕೇಳಿದೊಡನೆ ಮುರಿಯುವ ಪ್ರೀತಿ ಅಲ್ಲಿಯವರೆಗೆ ಒಬ್ಬರ ಮೌನದ ಮೇಲೆ ನಿಂತಿತ್ತು ಎಂಬುದನ್ನು ಹಾಗೆ ಹೇಳುವವರು ಯೋಚಿಸುವುದಿಲ್ಲ.

‘ದ ವಾಕಿಂಗ್ ಡೆಡ್’ನ್ನು ಸರಿಯಾಗಿ ನೋಡಿದರೆ ಅದೂ ಇದಕ್ಕೆ ದೂರವಿಲ್ಲ. ಮರ್ಲ್ ಮತ್ತು ಡ್ಯಾರಿಲ್‌ರ ನಡುವಿನ ಕಹಿ ಸತ್ತವರು ಏಳುವ ಮೊದಲಿನದು: ಹೊಡೆಯುವ ತಂದೆ, ಮನೆ ಬಿಟ್ಟುಹೋದ ಅಣ್ಣ, ಒಬ್ಬನೇ ಏಟು ತಿಂದ ತಮ್ಮ. ಬರಹಗಾರರು ಅದನ್ನು ಅಲ್ಲಲ್ಲಿ ಹೇಳಿದ್ದಾರೆ, ನೋಡುಗ ರಕ್ತದ ಭರದಲ್ಲಿ ಮರೆಯುತ್ತಾನೆ. ನಮ್ಮ ಕಡೆಯ ಕಥೆಯನ್ನು ಹೇಳಿದವರೂ ಯುದ್ಧದ ಬೆಳಕಿನಲ್ಲೇ ನಿಂತರು. ತಮಿಳಿನ ಕಲ್ಕಿ 1940ರ ದಶಕದಲ್ಲಿ ಬರೆದ ‘ಶಿವಗಾಮಿಯಿನ್ ಶಪಥಂ’ ಕಾದಂಬರಿಯಲ್ಲಿ ಪುಲಕೇಶಿಯನ್ನೇ ಹೋಲುವ ಸೋದರ ನಾಗನಂದಿ ಎಂಬ ಭಿಕ್ಷುವನ್ನು ಕಲ್ಪಿಸಿ ಇಬ್ಬರ ನಡುವೆ ವೈರ ಬೆಳೆಸಿದರು, ಕೊನೆಯ ಭಾಗದಲ್ಲಿ ವಾತಾಪಿಗೆ ಬೆಂಕಿ ಇಡಿಸಿದರು. ಕನ್ನಡದಲ್ಲಿ 1967ರ ‘ಇಮ್ಮಡಿ ಪುಲಿಕೇಶಿ’ ಚಿತ್ರದಲ್ಲಿ ರಾಜಕುಮಾರ್ ಆ ವೀರನಾದರು. ವೀರನ ಮಕ್ಕಳ ಕಡೆಗೆ ನಮ್ಮ ತೆರೆ ಹೊರಳಬೇಕಿದೆ. ಕಲ್ಕಿಯ ಆ ಬೆಂಕಿ ಆರಿದ ಕಡೆಯಿಂದ ನಮ್ಮ ಬರಹಗಾರರು ಶುರುಮಾಡಬಹುದು, ಸೋದರರನ್ನು ಹೊಸದಾಗಿ ಸೃಷ್ಟಿಸಬೇಕಾದ ಕಷ್ಟವೂ ಇಲ್ಲ. ನನ್ನ ಆಯ್ಕೆ ಕೇಳಿದರೆ, ಕಥೆ ಹೇಳುವವಳು ವಿಜಯಭಟ್ಟಾರಿಕೆ ಆಗಬೇಕು. ಗಂಡನ ಹಿರಿತನವನ್ನೂ ಮೈದುನನ ಗೆಲುವನ್ನೂ ಒಂದೇ ತಾಮ್ರದ ತಗಡಿನಲ್ಲಿ ಬರೆಸಬೇಕಾಗಿ ಬಂದವಳು ಅವಳು. ಯಾರ ಹೆಸರು ಮೊದಲು ಬರಬೇಕು ಎಂದು ಶಾಸನದ ಕವಿ ಕೇಳಿದಾಗ ಅವಳು ಏನು ಹೇಳಿದಳು ಎಂಬಲ್ಲಿಂದಲೇ ಮೊದಲ ಕಂತು ಆರಂಭವಾಗಬಹುದು.